ದೌರ್ಜನ್ಯ ಮುಚ್ಚಿಟ್ಟ ಸಂಸ್ಥೆಗಳ ಕಾನೂನು ಹೊಣೆ

ಶಾಲೆ, ಹಾಸ್ಟೆಲ್, ಆಸ್ಪತ್ರೆ, ಮಠ, ಬಾಲಮಂದಿರ, ಕಾರ್ಖಾನೆಯಂಥ ಸಂಸ್ಥೆಯ ಆಸರೆಯಲ್ಲಿ ಇರುವವರ ಮೇಲೆ ದೌರ್ಜನ್ಯ ನಡೆದಾಗ, ಕೃತ್ಯ ಎಸಗಿದವನ ಜೊತೆಗೆ ವಿಷಯ ತಿಳಿದೂ ಹೊರಗೆ ಬಿಡದ ಮುಖ್ಯಸ್ಥರು, ಆಡಳಿತ ಮಂಡಳಿ ಮತ್ತು ಅಧಿಕಾರಿಗಳನ್ನೂ ಕಟಕಟೆಗೆ ತರುವ ಕಾನೂನಿನ ಏರ್ಪಾಡು. ಭಾರತದಲ್ಲಿ ಇದು ಸ್ಪಷ್ಟ ರೂಪ ಪಡೆದದ್ದು 2012ರ ನವೆಂಬರ್ 14ರಂದು ಜಾರಿಗೆ ಬಂದ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆಯಿಂದ. ಜನ ಅದನ್ನು ಪೋಕ್ಸೊ ಎಂದೇ ಕರೆಯುತ್ತಾರೆ. ಅದಕ್ಕೂ ಮೊದಲು ಮುಚ್ಚಿಡುವುದು ಅಪರಾಧವೇ ಆಗಿರಲಿಲ್ಲ ಎಂದಲ್ಲ. ಭಾರತೀಯ ದಂಡ ಸಂಹಿತೆಯ ಸೆಕ್ಷನ್ 201 ಸಾಕ್ಷ್ಯ ನಾಶವನ್ನೂ, 202 ತಿಳಿಸಲೇಬೇಕಾದ ಮಾಹಿತಿಯನ್ನು ತಡೆಹಿಡಿಯುವುದನ್ನೂ ಶಿಕ್ಷಿಸುತ್ತಿದ್ದವು. 2024ರ ಜುಲೈ 1ರಿಂದ ಅವು ಭಾರತೀಯ ನ್ಯಾಯ ಸಂಹಿತೆಯ 238 ಮತ್ತು 239 ಆಗಿವೆ. ಆದರೆ ಮಕ್ಕಳ ವಿಷಯದಲ್ಲಿ 'ಸಂಸ್ಥೆಯ ಉಸ್ತುವಾರಿ ಹೊತ್ತವರು' ಎಂದು ಬೊಟ್ಟು ಮಾಡಿ ಹೊಣೆ ಹೊರಿಸಿದ್ದು ಪೋಕ್ಸೊ. ಈ ಲೇಖನ ಆ ಹೊಣೆಯನ್ನು ಕರ್ನಾಟಕದಲ್ಲಿ, ಅದರಲ್ಲೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ನಿಂತು ನೋಡುತ್ತದೆ.

ಜಿಲ್ಲೆಯ ಸನ್ನಿವೇಶ

ಬೆಂಗಳೂರು ಗ್ರಾಮಾಂತರ 1986ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2007ರಲ್ಲಿ ರಾಮನಗರ ಜಿಲ್ಲೆ ಹುಟ್ಟಿದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕೇ ತಾಲ್ಲೂಕು ಇದರಲ್ಲಿ ಉಳಿದವು. 2025ರ ಜುಲೈನಲ್ಲಿ ನಂದಿ ಬೆಟ್ಟದಲ್ಲಿ ಸೇರಿದ್ದ ಸಚಿವ ಸಂಪುಟ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂಬ ಹೆಸರಿಡಲು ತೀರ್ಮಾನಿಸಿತು. ದೊಡ್ಡಬಳ್ಳಾಪುರದ ಮಗ್ಗಗಳು ಮತ್ತು ಗಾರ್ಮೆಂಟ್ಸ್, ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ, ಹೊಸಕೋಟೆ ಸುತ್ತಲಿನ ಗೋದಾಮುಗಳು, 2008ರಲ್ಲಿ ದೇವನಹಳ್ಳಿಯಲ್ಲಿ ತೆರೆದ ವಿಮಾನ ನಿಲ್ದಾಣ ಇವೆಲ್ಲ ದೂರದೂರಿನ ಕುಟುಂಬಗಳನ್ನು ಇಲ್ಲಿಗೆ ಎಳೆದು ತಂದಿವೆ. ಅವುಗಳ ಬೆನ್ನಿಗೇ ವಸತಿ ಶಾಲೆ, ಹಾಸ್ಟೆಲ್, ಪಿ.ಜಿ., ನರ್ಸಿಂಗ್ ಹೋಂ, ರೆಸಾರ್ಟ್‌ಗಳು ಎದ್ದಿವೆ. ನೆಂಟರಿಷ್ಟರು ಹತ್ತಿರದಲ್ಲಿಲ್ಲದ ಮಗು ಸಂಸ್ಥೆಯನ್ನೇ ನಂಬಿ ಬದುಕುತ್ತದೆ. ಅದರ ದೂರನ್ನು ಕೇಳಬೇಕಾದವರೂ ಅದೇ ಸಂಸ್ಥೆಯವರು.

ದೂರು ಹೊರಬಿದ್ದ ಮೇಲೆ ನಡೆಯಬೇಕಾದ ದಾರಿಯೂ ಸಣ್ಣದಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಮೊದಲು ಠಾಣೆ, ಆಮೇಲೆ ವೈದ್ಯಕೀಯ ಪರೀಕ್ಷೆ, ಮಕ್ಕಳ ಕಲ್ಯಾಣ ಸಮಿತಿ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ, ಕೊನೆಗೆ ವಿಶೇಷ ನ್ಯಾಯಾಲಯ. ಜಿಲ್ಲಾಡಳಿತ ಭವನ ಇರುವುದು ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ. ನ್ಯಾಯಾಂಗದ ಗಡಿ ಕಂದಾಯದ ಗಡಿಗೆ ಹೊಂದುವುದಿಲ್ಲ. ಕಂದಾಯ ದಾಖಲೆಯಲ್ಲಿ ಬೆಂಗಳೂರು ನಗರ ಜಿಲ್ಲೆಗೆ ಸೇರಿದ ಆನೇಕಲ್, ನ್ಯಾಯಾಲಯದ ಲೆಕ್ಕದಲ್ಲಿ ಗ್ರಾಮಾಂತರದ ಕೆಳಗೆ ಬರುತ್ತದೆ. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತದೆ. "ಸುಮ್ಮನೆ ಇಲ್ಲೇ ಬಗೆಹರಿಸಿಕೊಳ್ಳೋಣ" ಎಂದು ಸಂಸ್ಥೆಯವರು ಹೇಳುವ ಮಾತಿಗೆ ಬಲ ಬರುವುದು ಈ ಓಡಾಟದಿಂದ.

ಮುಚ್ಚಳಿಕೆ

ದೌರ್ಜನ್ಯವನ್ನು ಮುಚ್ಚಿಡುವುದು ಎಂದರೆ ಕಡತ ಸುಡುವುದು, ಕ್ಯಾಮೆರಾ ದೃಶ್ಯ ಅಳಿಸುವುದು ಎಂದು ಓದುಗರಿಗೆ ಅನ್ನಿಸಬಹುದು. ಅಂಥದ್ದೂ ನಡೆಯುತ್ತದೆ. ಆದರೆ ನಮ್ಮ ಕಡೆ ಹೆಚ್ಚು ರೂಢಿಯಲ್ಲಿರುವುದು ಬರೆಸಿಕೊಂಡು ಮುಚ್ಚುವ ಪದ್ಧತಿ. ಮಗುವೊಂದು ಶಿಕ್ಷಕನ ಮೇಲೆ ದೂರು ಹೇಳುತ್ತದೆ. ಮುಖ್ಯೋಪಾಧ್ಯಾಯರು ಆಡಳಿತ ಮಂಡಳಿಯ ಇಬ್ಬರನ್ನೋ ಊರಿನ ಹಿರಿಯರನ್ನೋ ಕರೆಸುತ್ತಾರೆ. ಶಿಕ್ಷಕನನ್ನು ಕೂರಿಸಿ ಮುಚ್ಚಳಿಕೆ ಬರೆಸುತ್ತಾರೆ. ಗೀಟು ಹಾಕಿದ ಒಂದು ಹಾಳೆ. ಮೇಲೆ ಬಲಗಡೆ ತಾರೀಖು. 'ಗೆ' ಎಂದು ಬರೆದು ಮುಖ್ಯೋಪಾಧ್ಯಾಯರ ಹುದ್ದೆ. ಆಮೇಲೆ ನಾಲ್ಕೈದು ಸಾಲು: ನನ್ನಿಂದ ತಿಳಿಯದೆ ತಪ್ಪಾಗಿದೆ, ಇನ್ನು ಮುಂದೆ ಹೀಗೆ ನಡೆದುಕೊಳ್ಳುವುದಿಲ್ಲ, ನಡೆದುಕೊಂಡರೆ ತಾವು ಕೈಗೊಳ್ಳುವ ಕ್ರಮಕ್ಕೆ ಬದ್ಧನಾಗಿರುತ್ತೇನೆ. ಏನು ತಪ್ಪು ಎಂಬುದು ಹಾಳೆಯಲ್ಲಿ ಎಲ್ಲೂ ಇರುವುದಿಲ್ಲ. ಮಗುವಿನ ಹೆಸರೂ ಇರುವುದಿಲ್ಲ. ಕೆಳಗೆ ಸಹಿ, ಎಡಗಡೆ ಸಾಕ್ಷಿಗಳ ಸಹಿ, ಶಾಲೆಯ ನೀಲಿ ಮೊಹರು. ಹಾಳೆ ಬೀರುವಿಗೆ ಹೋಗುತ್ತದೆ. ಶಿಕ್ಷಕ ಮಾರನೆಯ ದಿನ ತರಗತಿಗೆ ಬರುತ್ತಾನೆ, ಇಲ್ಲವೇ ಬೇರೆ ಶಾಲೆಗೆ ವರ್ಗವಾಗುತ್ತಾನೆ. ಮಗುವಿಗೆ ಟಿ.ಸಿ. ಸಿಗುತ್ತದೆ.

ಇಲ್ಲಿ ಎಲ್ಲರೂ ದುಷ್ಟರಾಗಿರಬೇಕೆಂದಿಲ್ಲ. "ಹೆಣ್ಣುಮಗು, ನಾಳೆ ಮದುವೆ ಆಗಬೇಕು" ಎಂದು ತಂದೆಯೇ ಹೇಳಿರಬಹುದು. "ಸಂಸ್ಥೆಗೆ ಕೆಟ್ಟ ಹೆಸರು ಬಂದರೆ ಉಳಿದ ಮುನ್ನೂರು ಮಕ್ಕಳ ಗತಿಯೇನು" ಎಂದು ಮುಖ್ಯಸ್ಥರು ನಿಜವಾಗಿಯೇ ಕಳವಳಪಟ್ಟಿರಬಹುದು. ಕಾನೂನು ಈ ಯಾವುದನ್ನೂ ಕೇಳುವುದಿಲ್ಲ. ಪೋಕ್ಸೊ ಅಪರಾಧದಲ್ಲಿ ರಾಜಿ ಮಾಡಿಸುವ ಅಧಿಕಾರ ಶಾಲೆಗಿಲ್ಲ, ಹಿರಿಯರಿಗಿಲ್ಲ, ತಂದೆತಾಯಿಗೂ ಇಲ್ಲ. ಬೀರುವಿನೊಳಗೆ ಕುಳಿತ ಆ ಹಾಳೆಯೇ ಮುಂದೆ ತನಿಖಾಧಿಕಾರಿಯ ಕೈಗೆ ಸಿಕ್ಕರೆ, ಇಂಥ ದಿನದಂದು ಇಂಥವರಿಗೆ ವಿಷಯ ತಿಳಿದಿತ್ತು ಎನ್ನುವುದಕ್ಕೆ ತಾರೀಖು, ಸಹಿ, ಮೊಹರು ಸಮೇತ ದಾಖಲೆಯಾಗುತ್ತದೆ. ಈ ವಿಷಯದ ಕಾನೂನೆಲ್ಲ ಸುತ್ತಿ ಬಂದು ನಿಲ್ಲುವುದು ಅಲ್ಲಿಯೇ, 'ಗೊತ್ತಿತ್ತು' ಎಂಬ ಒಂದು ಪದದ ಮೇಲೆ.

ಸೆಕ್ಷನ್ 19 ಮತ್ತು 21

ಪೋಕ್ಸೊ ಸೆಕ್ಷನ್ 19ರ ಪ್ರಕಾರ ಅಪರಾಧ ನಡೆದಿದೆ ಎಂದು ತಿಳಿದ, ಅಥವಾ ನಡೆಯಬಹುದೆಂಬ ಆತಂಕವಿರುವ ಯಾರೇ ಆಗಲಿ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಇಲ್ಲವೇ ಸ್ಥಳೀಯ ಠಾಣೆಗೆ ತಿಳಿಸಲೇಬೇಕು. ಮೇಲಧಿಕಾರಿಗೆ ತಿಳಿಸಿದೆ, ಬಿ.ಇ.ಒ.ಗೆ ಪತ್ರ ಬರೆದೆ, ಒಳಗೆ ವಿಚಾರಣಾ ಸಮಿತಿ ಮಾಡಿದೆ ಎಂದರೆ ಸಾಲದು. ಠಾಣೆಯಲ್ಲಿ ಮಾಹಿತಿಯನ್ನು ಬರೆದುಕೊಂಡು, ನಮೂದು ಸಂಖ್ಯೆ ಕೊಟ್ಟು, ಹೇಳಿದವರಿಗೆ ಓದಿ ಹೇಳಬೇಕು. ಮಗುವೇ ಹೇಳಿದ್ದರೆ ಅದಕ್ಕೆ ಅರ್ಥವಾಗುವ ಸರಳ ಮಾತಿನಲ್ಲಿ ದಾಖಲಿಸಬೇಕು. 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೋಟೆಲ್, ಲಾಡ್ಜ್, ಆಸ್ಪತ್ರೆ, ಕ್ಲಬ್, ಸ್ಟುಡಿಯೊ, ಮಾಧ್ಯಮ ಸಂಸ್ಥೆಯವರು ಮಕ್ಕಳನ್ನು ಲೈಂಗಿಕವಾಗಿ ಶೋಷಿಸುವ ಚಿತ್ರ, ವಸ್ತು ಕಣ್ಣಿಗೆ ಬಿದ್ದರೆ ತಿಳಿಸಬೇಕೆಂದು ಸೆಕ್ಷನ್ 20 ಹೇಳುತ್ತದೆ. ನಂದಿ ಬೆಟ್ಟದ ಬುಡದ ರೆಸಾರ್ಟ್‌ಗಳಿಗೂ ಇದು ಅನ್ವಯ.

ತಿಳಿಸದಿದ್ದರೆ ಶಿಕ್ಷೆ ಸೆಕ್ಷನ್ 21ರಲ್ಲಿದೆ. ಸಾಮಾನ್ಯರಿಗೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ. ಕಂಪನಿ ಅಥವಾ ಸಂಸ್ಥೆಯ ಉಸ್ತುವಾರಿ ಹೊತ್ತವರು ತಮ್ಮ ಕೈಕೆಳಗಿನವನ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ ಸೆರೆ ಮತ್ತು ದಂಡ. ಮಕ್ಕಳಿಗೆ ಈ ಶಿಕ್ಷೆ ಅನ್ವಯಿಸುವುದಿಲ್ಲ.

ಒಂದು ವರ್ಷ ಎಂಬ ಈ ಮಿತಿ ಎಷ್ಟು ಕಿರಿದು ಎಂಬುದು ಪಕ್ಕದ ಕಾನೂನಿಗೆ ಹೋಲಿಸಿದರೆ ಕಾಣುತ್ತದೆ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 82 ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಹೊಡೆದು ಬಡಿದು ಶಿಕ್ಷಿಸುವುದನ್ನು ಕುರಿತದ್ದು. ಅಂಥ ಪ್ರಕರಣದ ವಿಚಾರಣೆಗೆ ಆಡಳಿತ ಮಂಡಳಿ ಸಹಕರಿಸದಿದ್ದರೆ ಅದರ ಮುಖ್ಯಸ್ಥರಿಗೆ ಕನಿಷ್ಠ ಮೂರು ವರ್ಷ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಬಾಲಮಂದಿರದಲ್ಲಿ ಬೆತ್ತದೇಟಿನ ವಿಚಾರಣೆಗೆ ಅಡ್ಡ ನಿಂತರೆ ಕನಿಷ್ಠ ಮೂರು ವರ್ಷ, ಹಾಸ್ಟೆಲಿನಲ್ಲಿ ಅತ್ಯಾಚಾರವನ್ನೇ ಮುಚ್ಚಿಟ್ಟರೆ ಗರಿಷ್ಠ ಒಂದು ವರ್ಷ. ಎರಡೂ ಒಂದೇ ಸಂಸತ್ತು ಮೂರು ವರ್ಷದ ಅಂತರದಲ್ಲಿ ಮಾಡಿದ ಕಾನೂನುಗಳು. ಈ ಅಸಮತೆಯನ್ನು ಸರಿಪಡಿಸದಿರಲು ಒಪ್ಪುವಂಥ ಕಾರಣ ಇಲ್ಲ.

ಶಿಕ್ಷೆಯ ಅವಧಿ ಕಡಿಮೆ ಇರುವುದರಿಂದ ಇನ್ನೂ ಎರಡು ತೊಡಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧ ಸಾಮಾನ್ಯವಾಗಿ ಜಾಮೀನು ಸಿಗುವಂಥದ್ದು, ಪೊಲೀಸರು ತಾವಾಗಿಯೇ ಕೈಗೆತ್ತಿಕೊಳ್ಳಲಾಗದಂಥದ್ದು. ಸೆಕ್ಷನ್ 21 ಒಂದನ್ನೇ ಹಾಕಿದರೆ ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕಾಗುತ್ತದೆ. ಮೂಲ ಅಪರಾಧದ ಜೊತೆಗೇ ಸೇರಿಸಿದರೆ ಆ ಅಡ್ಡಿ ಇಲ್ಲ. ಎರಡನೆಯದು ಕಾಲಮಿತಿ. ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧವನ್ನು ನ್ಯಾಯಾಲಯ ಒಂದು ವರ್ಷದೊಳಗೆ ಗಣನೆಗೆ ತೆಗೆದುಕೊಳ್ಳಬೇಕೆಂಬುದು ಸಾಮಾನ್ಯ ನಿಯಮ. ಹೆಚ್ಚು ಶಿಕ್ಷೆಯ ಅಪರಾಧದ ಜೊತೆ ಒಟ್ಟಿಗೆ ವಿಚಾರಣೆ ನಡೆದರೆ ದೊಡ್ಡದರ ಕಾಲಮಿತಿಯೇ ಚಿಕ್ಕದಕ್ಕೂ ಸಲ್ಲುತ್ತದೆ. ಹತ್ತನೇ ವಯಸ್ಸಿನಲ್ಲಿ ನಡೆದದ್ದನ್ನು ಇಪ್ಪತ್ತನೇ ವಯಸ್ಸಿನಲ್ಲಿ ಹೇಳುವ ಧೈರ್ಯ ಬರುವವರೂ ಇದ್ದಾರೆ. ಹಾಗಾಗಿ ದೂರು ಬರೆಯುವ ದಿನವೇ, ಮುಚ್ಚಿಟ್ಟವರ ಹೆಸರನ್ನೂ ಅದೇ ಎಫ್‌ಐಆರ್‌ನಲ್ಲಿ ಸೇರಿಸಿ ಎಂದು ಕೇಳುವುದು ಮುಖ್ಯ. ಅದು ನಂತರದ ಅರ್ಜಿಗೆ ಬಿಡುವ ಮಾತಲ್ಲ.

'ಗೊತ್ತಿತ್ತು' ಎಂಬುದರ ಅಳತೆ

ಎರಡು ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಮೊದಲನೆಯದು ಕೇರಳದಲ್ಲಿ ಕಾಸರಗೋಡಿಗೆ ಹೊಂದಿಕೊಂಡ ಕಣ್ಣೂರು ಜಿಲ್ಲೆಯ ಕೊಟ್ಟಿಯೂರಿನದು. ಅಲ್ಲಿನ ಚರ್ಚಿನ ಪಾದ್ರಿಯಿಂದ ಬಾಲಕಿಯೊಬ್ಬಳು ಗರ್ಭಿಣಿಯಾಗಿ ಹೆತ್ತಳು. ಹಸುಗೂಸನ್ನು ವಯನಾಡಿನ ಅನಾಥಾಲಯಕ್ಕೆ ಸಾಗಿಸಲಾಯಿತು. 2019ರ ಫೆಬ್ರುವರಿಯಲ್ಲಿ ತಲಶ್ಶೇರಿ ನ್ಯಾಯಾಲಯ ಪಾದ್ರಿಗೆ 20 ವರ್ಷ ಸೆರೆ ವಿಧಿಸಿತು. ಮುಚ್ಚಿಡಲು ನೆರವಾದ ಆರೋಪ ಹೊತ್ತ ಆರು ಮಂದಿ ಖುಲಾಸೆಯಾದರು. ಅದಕ್ಕೂ ಮೊದಲೇ, 2018ರ ಆಗಸ್ಟ್‌ನಲ್ಲಿ, ಹೆರಿಗೆ ಮಾಡಿಸಿದ ಆಸ್ಪತ್ರೆಯವರ ಮೇಲಿನ ಪ್ರಕರಣವನ್ನು ಸಿಸ್ಟರ್ ಟೆಸ್ಸಿ ಜೋಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೈಬಿಟ್ಟಿತ್ತು. ಹುಡುಗಿಗೆ 18 ಎಂದು ಆಸ್ಪತ್ರೆಯಲ್ಲಿ ಬರೆಸಲಾಗಿತ್ತು. ಕಾನೂನು ಕೇಳುವುದು ಅರಿವನ್ನು, ತಾವೇ ತನಿಖೆ ಮಾಡಿ ಅರಿವು ಸಂಪಾದಿಸಬೇಕೆಂದು ಅದು ಹೇಳುವುದಿಲ್ಲ ಎಂಬುದು ಆ ತೀರ್ಪಿನ ತಿರುಳು.

ಎರಡನೆಯದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜುರಾದ್ದು. ಶಾಲಾ ಹಾಸ್ಟೆಲಿನ ಆದಿವಾಸಿ ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು. ಅವರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯ ಪೊಲೀಸರಿಗೆ ತಿಳಿಸಲಿಲ್ಲ ಎಂಬ ಪ್ರಕರಣವನ್ನು ಬಾಂಬೆ ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಜೀವಂತಗೊಳಿಸಿತು. ತಕ್ಷಣ ತಿಳಿಸುವುದೇ ಕಾಯ್ದೆಯ ಉದ್ದೇಶ ಈಡೇರಲು ಅತಿ ಮುಖ್ಯ, ವೈದ್ಯನಿಗೆ ಗೊತ್ತಿತ್ತೇ ಇಲ್ಲವೇ ಎಂಬುದು ವಿಚಾರಣೆಯಲ್ಲಿ ಸಾಕ್ಷ್ಯದಿಂದ ತೀರ್ಮಾನವಾಗಬೇಕು, ಮೊದಲೇ ಕತ್ತರಿಸಬಾರದು ಎಂದಿತು. ಚಿಕ್ಕಮಗಳೂರಿನಲ್ಲಿ ಹದಿಮೂರು ತುಂಬದ ಬಾಲಕಿಗೆ ಚಿಕಿತ್ಸೆ ನೀಡಿ ಠಾಣೆಗೆ ತಿಳಿಸದ ಪ್ರಸೂತಿ ವೈದ್ಯರೊಬ್ಬರ ಅರ್ಜಿಯನ್ನು 2023ರಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿದ್ದೂ ಇದೇ ದಾರಿಯಲ್ಲಿ. ಹತ್ತಾರು ವರ್ಷ ಅನುಭವವಿದ್ದವರಿಗೆ ಎದುರಿಗಿರುವುದು ಮಗು ಎಂದು ತಿಳಿಯಲಿಲ್ಲ ಎಂಬ ಮಾತನ್ನು ನ್ಯಾಯಾಲಯ ಒಪ್ಪಲಿಲ್ಲ.

ಇಲ್ಲೊಂದು ಸೂಕ್ಷ್ಮವೂ ಇದೆ. ಪರಸ್ಪರ ಒಪ್ಪಿಗೆಯ ಸಂಬಂಧದಿಂದ ಗರ್ಭಿಣಿಯಾದ ಹದಿಹರೆಯದ ಹುಡುಗಿ ಪೊಲೀಸರ ಹೆದರಿಕೆಯಿಂದ ಆಸ್ಪತ್ರೆಗೇ ಬಾರದೆ ನಾಟಿ ಗರ್ಭಪಾತಕ್ಕೆ ಹೋಗಬಹುದು. ಅದಕ್ಕಾಗಿಯೇ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇಂಥ ಸಂದರ್ಭದಲ್ಲಿ ಹುಡುಗಿ ಮತ್ತು ಪೋಷಕರು ಕೋರಿದರೆ ವೈದ್ಯರು ಮಾಹಿತಿ ಕೊಡುವಾಗ ಆಕೆಯ ಗುರುತನ್ನು ಹೇಳಬೇಕಿಲ್ಲ ಎಂದಿತು. ಸಂಸ್ಥೆ ತನ್ನ ಹೆಸರು ಉಳಿಸಿಕೊಳ್ಳಲು ಇದನ್ನು ಗುರಾಣಿಯಾಗಿ ಹಿಡಿಯುವಂತಿಲ್ಲ. ರಿಯಾಯಿತಿ ಇರುವುದು ಹುಡುಗಿಯ ಗುರುತಿಗೆ.

ಕರ್ನಾಟಕದ ಪ್ರಕರಣಗಳು

2014ರ ಜುಲೈನಲ್ಲಿ ಮಾರತ್ತಹಳ್ಳಿ ಬಳಿಯ ಖಾಸಗಿ ಶಾಲೆಯಲ್ಲಿ ಆರು ವರ್ಷದ ಬಾಲಕಿಯ ಮೇಲೆ ಅತ್ಯಾಚಾರ ನಡೆದ ಸುದ್ದಿ ಬೆಂಗಳೂರನ್ನು ಬೀದಿಗೆ ಇಳಿಸಿತು. ಮಾಹಿತಿ ಮುಚ್ಚಿಟ್ಟ, ಸಾಕ್ಷ್ಯ ನಾಶಪಡಿಸಿದ ಆರೋಪದ ಮೇಲೆ ಶಾಲೆಯ ಅಧ್ಯಕ್ಷರನ್ನೇ ಪೊಲೀಸರು ಬಂಧಿಸಿದರು, ಜಾಮೀನು ಸಿಕ್ಕಿತು. ಸೆಕ್ಷನ್ 21 ಎಂಬುದೊಂದು ಇದೆ ಎಂದು ರಾಜ್ಯದ ಶಾಲಾ ಆಡಳಿತ ಮಂಡಳಿಗಳಿಗೆ ಮನದಟ್ಟಾದದ್ದು ಆಗ. 2016ರಲ್ಲಿ ರಾಜ್ಯ ಸರ್ಕಾರ ಮಕ್ಕಳ ರಕ್ಷಣಾ ನೀತಿ ಹೊರಡಿಸಿತು. 2020ರ ಪೋಕ್ಸೊ ನಿಯಮಗಳು ಸಿಬ್ಬಂದಿಯ ಪೂರ್ವಾಪರ ಪರಿಶೀಲನೆಯನ್ನು, ತರಬೇತಿಯನ್ನು ಸಂಸ್ಥೆಗಳ ಕರ್ತವ್ಯವಾಗಿಸಿದವು.

ಚಿತ್ರದುರ್ಗದ ಮುರುಘಾ ಮಠದ ಪ್ರಕರಣ ಬೇರೆ ಬಗೆಯದು. ಮಠದ ಹಾಸ್ಟೆಲಿನಲ್ಲಿದ್ದ ಇಬ್ಬರು ಬಾಲಕಿಯರು ಮೈಸೂರಿನ ಒಡನಾಡಿ ಸೇವಾ ಸಂಸ್ಥೆಯನ್ನು ತಲುಪಿ, 2022ರ ಆಗಸ್ಟ್ 26ರಂದು ಅಲ್ಲಿನ ನಜರ್‌ಬಾದ್ ಠಾಣೆಯಲ್ಲಿ ಲೈಂಗಿಕ ದೌರ್ಜನ್ಯದ ದೂರು ದಾಖಲಾಯಿತು. ಬಳಿಕ ಅದು ಚಿತ್ರದುರ್ಗಕ್ಕೆ ವರ್ಗವಾಯಿತು. ಮಠದ ಮುಖ್ಯಸ್ಥರಾಗಿದ್ದ ಶಿವಮೂರ್ತಿ ಮುರುಘಾ ಶರಣರು ಸೆಪ್ಟೆಂಬರ್ 1ರಂದು ಬಂಧನಕ್ಕೊಳಗಾದರು. ವಾರ್ಡನ್ ಕೂಡ ಆರೋಪಿಯಾಗಿದ್ದರು. 2025ರ ನವೆಂಬರ್‌ನಲ್ಲಿ ಚಿತ್ರದುರ್ಗದ ಸೆಷನ್ಸ್ ನ್ಯಾಯಾಲಯ ಮೊದಲ ಪ್ರಕರಣದಲ್ಲಿ ಶರಣರನ್ನೂ ಇನ್ನಿಬ್ಬರನ್ನೂ ಖುಲಾಸೆಗೊಳಿಸಿತು. ಆರೋಪ ಸಾಬೀತಾಗಲಿಲ್ಲ ಎಂಬ ಮಾತನ್ನು ಗೌರವದಿಂದಲೇ ಒಪ್ಪಿಕೊಂಡು, ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಗಮನಿಸಬೇಕು: ಚಿತ್ರದುರ್ಗದ ಹಾಸ್ಟೆಲಿನ ಮಕ್ಕಳ ಮಾತು ಮೊದಲು ಕಾಗದಕ್ಕೆ ಇಳಿದದ್ದು ಹಲವು ತಾಲ್ಲೂಕು ದಾಟಿ ಮೈಸೂರಿನಲ್ಲಿ. ಮಠದ ಆಡಳಿತಕ್ಕೆ 2022ರ ಡಿಸೆಂಬರ್‌ನಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ನೇಮಕವನ್ನು 2023ರ ಮೇ ತಿಂಗಳಲ್ಲಿ ಹೈಕೋರ್ಟ್ ರದ್ದುಗೊಳಿಸಿತು. ದೇವಸ್ಥಾನಗಳ ಮೇಲೆ ಸರ್ಕಾರಕ್ಕೆ ಹಿಡಿತ ಕೊಡುವ 1997ರ ಮುಜರಾಯಿ ಕಾಯ್ದೆಯೂ ಮಠಗಳಿಗೆ ಅನ್ವಯಿಸುವುದಿಲ್ಲ.

ಸರ್ಕಾರದ್ದೇ ಹಾಸ್ಟೆಲುಗಳಲ್ಲಿ ಮುಚ್ಚಿಡುವಿಕೆ ಬಹುತೇಕ ನೋಡದಿರುವಿಕೆಯ ರೂಪದಲ್ಲಿರುತ್ತದೆ. 2023ರ ಡಿಸೆಂಬರ್‌ನಲ್ಲಿ ಹೊಸಕೋಟೆಗೆ ಹೊಂದಿಕೊಂಡ ಮಾಲೂರು ತಾಲ್ಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು, ವಿಡಿಯೊ ಹೊರಬಿದ್ದ ಮೇಲಷ್ಟೇ ನಾಡಿಗೆ ಗೊತ್ತಾಯಿತು. 2024ರ ಜನವರಿಯಲ್ಲಿ, ದೊಡ್ಡಬಳ್ಳಾಪುರದ ಆಚೆಗಿನ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿದ್ದ 9ನೇ ತರಗತಿಯ ಹುಡುಗಿ ಮಗುವಿಗೆ ಜನ್ಮ ಕೊಟ್ಟಳು. ವಾರ್ಡನ್ ಅಮಾನತಾದರು. 2025ರ ಆಗಸ್ಟ್ ಕೊನೆಯಲ್ಲಿ ಯಾದಗಿರಿ ಜಿಲ್ಲೆ ಶಹಾಪುರದ ವಸತಿ ಶಾಲೆಯ ಶೌಚಾಲಯದಲ್ಲಿ ಮತ್ತೊಬ್ಬ 9ನೇ ತರಗತಿ ವಿದ್ಯಾರ್ಥಿನಿ ಹೆತ್ತಳು. ಈ ಸಲ ಮಕ್ಕಳ ಹಕ್ಕುಗಳ ಆಯೋಗ ಕೂಡಲೇ ಕೈಹಾಕಿತು. ಪ್ರಾಂಶುಪಾಲರು, ವಾರ್ಡನ್ ಸೇರಿದಂತೆ ಮಾಹಿತಿ ನೀಡದವರ ಮೇಲೂ ಪೋಕ್ಸೊ ಪ್ರಕರಣ ದಾಖಲಾಯಿತು. ಚಿಕ್ಕಬಳ್ಳಾಪುರದಿಂದ ಶಹಾಪುರದವರೆಗಿನ ಇಪ್ಪತ್ತು ತಿಂಗಳಲ್ಲಿ ಆದ ಬದಲಾವಣೆ ಇದು: ಅಮಾನತು ಇಲಾಖೆಯ ಕ್ರಮ, ಎಫ್‌ಐಆರ್ ಕಾನೂನಿನ ಕ್ರಮ. ಅಮಾನತಾದವರು ಕೆಲವು ತಿಂಗಳಲ್ಲಿ ಬೇರೆ ಹಾಸ್ಟೆಲಿಗೆ ಮರಳಬಹುದು.

ಒಂಬತ್ತು ತಿಂಗಳ ಗರ್ಭ ಯಾರ ಕಣ್ಣಿಗೂ ಬೀಳಲಿಲ್ಲ ಎಂಬ ವಾದವನ್ನು ಅಳೆಯುವುದು ಹಾಸ್ಟೆಲಿನ ವಹಿಗಳಿಂದ. ಹಾಜರಿ ವಹಿ, ಹೊರಹೋಗುವ-ಬರುವ ಚಲನವಲನ ವಹಿ, ತಿಂಗಳ ಆರೋಗ್ಯ ತಪಾಸಣೆ ವಹಿ, ಸ್ಯಾನಿಟರಿ ಪ್ಯಾಡ್ ವಿತರಣೆಯ ಪಟ್ಟಿ. ಕೊನೆಯದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಒಬ್ಬ ಹುಡುಗಿಯ ಹೆಸರಿನ ಮುಂದೆ ಐದಾರು ತಿಂಗಳು ಸಹಿ ಇಲ್ಲದಿದ್ದರೆ, ಇಲ್ಲವೇ ಎಲ್ಲರ ಸಹಿಯೂ ಒಂದೇ ಕೈಬರಹದಲ್ಲಿದ್ದರೆ, ಆ ಪುಟ ಯಾವ ಸಾಕ್ಷಿಗಿಂತಲೂ ಗಟ್ಟಿಯಾಗಿ ಮಾತನಾಡುತ್ತದೆ.

ಆಸ್ಪತ್ರೆಗಳ ಕಡತ

ಗ್ರಾಮಾಂತರ ಜಿಲ್ಲೆಯಲ್ಲೇ ಸಂಸ್ಥೆಗಳ ಮರೆಮಾಚುವಿಕೆ ಬಯಲಾದದ್ದು ಬೇರೊಂದು ಕಾನೂನಿನ ಕೆಳಗೆ. ಮಂಡ್ಯದಲ್ಲಿ ಭ್ರೂಣಹತ್ಯೆ ಜಾಲ ಹೊರಬಿದ್ದ ಬೆನ್ನಿಗೆ, 2023ರ ಡಿಸೆಂಬರ್‌ನಲ್ಲಿ ಆರೋಗ್ಯ ಇಲಾಖೆಯವರು ಹೊಸಕೋಟೆ ತಾಲ್ಲೂಕಿನ ತಿರುಮಲಶೆಟ್ಟಿಹಳ್ಳಿಯ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದಾಗ ಕಸದ ಬುಟ್ಟಿಯಲ್ಲಿ ಭ್ರೂಣ ಸಿಕ್ಕಿತು. 2024ರ ಆರಂಭದಲ್ಲಿ ನೆಲಮಂಗಲದ ಇನ್ನೊಂದು ಖಾಸಗಿ ಆಸ್ಪತ್ರೆಯ ದಾಖಲೆ ತೆಗೆದು ನೋಡಿದಾಗ ಅನುಮತಿಯಿಲ್ಲದ ಹತ್ತಾರು ಗರ್ಭಪಾತಗಳ ಪ್ರಕರಣ ಎದ್ದಿತು.

ಲಿಂಗ ಪತ್ತೆ ತಡೆ ಕಾಯ್ದೆಯಲ್ಲಿ ಪೋಕ್ಸೊದಲ್ಲಿಲ್ಲದ ಒಂದು ಬಲವಿದೆ. ಪ್ರತಿ ಸ್ಕ್ಯಾನಿಂಗ್‌ಗೂ ಎಫ್ ನಮೂನೆ ತುಂಬಬೇಕು. ಅದರಲ್ಲಿ ಕೊರತೆ ಕಂಡರೆ ಅದೇ ಉಲ್ಲಂಘನೆ, ಅಲ್ಲವೆಂದು ತೋರಿಸುವ ಹೊಣೆ ಸ್ಕ್ಯಾನ್ ಮಾಡಿದವರದು. ಇದು ಗುಮಾಸ್ತರ ತಪ್ಪಷ್ಟೇ ಎಂದು ಪ್ರಸೂತಿ ತಜ್ಞರ ಒಕ್ಕೂಟ ಹೂಡಿದ ವಾದವನ್ನು 2019ರ ಮೇ 3ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಹಾಸ್ಟೆಲಿನ ವಹಿಗಳಿಗೂ ಇದೇ ನಿಯಮ ತರಬಾರದೇಕೆ? ಆಗ 'ನನಗೆ ಗೊತ್ತಿರಲಿಲ್ಲ' ಎಂಬುದು ಉತ್ತರವಾಗುವುದಿಲ್ಲ. ಗೊತ್ತುಮಾಡಿಕೊಳ್ಳುವುದೇ ಕೆಲಸವಾಗಿರುತ್ತದೆ.

ಕಾರ್ಖಾನೆಗಳು

ದುಡಿಯುವ ಹೆಂಗಸರ ಮೇಲಿನ ಲೈಂಗಿಕ ಕಿರುಕುಳಕ್ಕೆ 1997ರ ವಿಶಾಖಾ ತೀರ್ಪು, ಆಮೇಲೆ 2013ರ ಕಾಯ್ದೆ ಇವೆ. ಹತ್ತು ಮತ್ತು ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ, ದೊಡ್ಡಬಳ್ಳಾಪುರದ ಮಗ್ಗದ ಮನೆಗಳಂಥಲ್ಲಿ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಮಿತಿಯನ್ನೇ ರಚಿಸದ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡ. ಮತ್ತೆ ತಪ್ಪಿದರೆ ದುಪ್ಪಟ್ಟು ಶಿಕ್ಷೆ, ಪರವಾನಗಿ ರದ್ದಿಗೂ ಅವಕಾಶ. ಪ್ರತಿ ವರ್ಷ ಎಷ್ಟು ದೂರು ಬಂದವೆಂದು ಜಿಲ್ಲಾಡಳಿತಕ್ಕೆ ವರದಿ ಹೋಗಬೇಕು. ಸಾವಿರಾರು ಹೆಂಗಸರು ಹೊಲಿಗೆ ಯಂತ್ರದ ಮುಂದೆ ಕೂರುವ ಕಾರ್ಖಾನೆಯಿಂದ ವರ್ಷ ವರ್ಷವೂ 'ಸೊನ್ನೆ' ಎಂಬ ವರದಿ ಬಂದರೆ ಅದನ್ನು ನೆಮ್ಮದಿ ಎಂದು ಓದುವುದೋ ಎಚ್ಚರಿಕೆ ಎಂದು ಓದುವುದೋ ಅಧಿಕಾರಿಗೆ ಬಿಟ್ಟದ್ದು. ತಮಿಳುನಾಡಿನ ದಿಂಡಿಗಲ್‌ನಲ್ಲಿ 2021ರಲ್ಲಿ ಗಾರ್ಮೆಂಟ್ಸ್ ಕಾರ್ಮಿಕಳೊಬ್ಬಳು ಮೇಲ್ವಿಚಾರಕನಿಂದ ಕೊಲೆಯಾದ ಮೇಲೆ, 2022ರಲ್ಲಿ ಕಾರ್ಮಿಕ ಸಂಘಟನೆ, ಕಾರ್ಖಾನೆ ಮತ್ತು ವಿದೇಶಿ ಬ್ರ್ಯಾಂಡ್‌ಗಳ ನಡುವೆ ಕಟ್ಟುಪಾಡಿನ ಒಪ್ಪಂದವಾಯಿತು. ಕಾರ್ಖಾನೆ ಒಪ್ಪಂದ ಮುರಿದರೆ ಬ್ರ್ಯಾಂಡ್ ತನ್ನ ವ್ಯವಹಾರವನ್ನೇ ಹಿಂತೆಗೆಯಬೇಕಾಗುತ್ತದೆ. ದೊಡ್ಡಬಳ್ಳಾಪುರಕ್ಕೆ ಅಂಥದ್ದು ಬಂದರೆ ದಂಡಕ್ಕಿಂತ ಹೆಚ್ಚು ಕೆಲಸ ಮಾಡೀತು.

ವ್ಯಕ್ತಿ ಮತ್ತು ಸಂಸ್ಥೆ

ಭಾರತದ ಕಾನೂನು ಹಿಡಿಯುವುದು ಮುಖ್ಯಸ್ಥನನ್ನು. ಟ್ರಸ್ಟ್, ಸಂಘ, ಸೊಸೈಟಿ ಹಾಗೆಯೇ ಉಳಿಯುತ್ತವೆ. ಬಿಹಾರದ ಮುಜಫ್ಫರ್‌ಪುರ ಆಶ್ರಯಧಾಮದ ಬಾಲಕಿಯರ ಮೇಲಿನ ದೌರ್ಜನ್ಯ ಹೊರಬಂದದ್ದು 2018ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡದ ತಪಾಸಣಾ ವರದಿಯಿಂದ. 2020ರಲ್ಲಿ ದೆಹಲಿಯ ನ್ಯಾಯಾಲಯ 19 ಮಂದಿಯನ್ನು ತಪ್ಪಿತಸ್ಥರೆಂದಿತು. ನಡೆಸುತ್ತಿದ್ದವನಿಗೆ ಜೀವಾವಧಿ, ಮಾಹಿತಿ ಕೊಡದ, ಮಕ್ಕಳ ರಕ್ಷಣಾ ಘಟಕದ ಸಹಾಯಕ ನಿರ್ದೇಶಕಿಗೆ ಆರು ತಿಂಗಳು. 2024ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಬದ್ಲಾಪುರದ ಶಾಲೆಯಲ್ಲಿ ಪುಟ್ಟ ಬಾಲಕಿಯರ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಶಾಲೆಯ ಅಧ್ಯಕ್ಷ, ಕಾರ್ಯದರ್ಶಿಗಳ ನಿರೀಕ್ಷಣಾ ಜಾಮೀನು ಅರ್ಜಿಯನ್ನು ಬಾಂಬೆ ಹೈಕೋರ್ಟ್ ತಿರಸ್ಕರಿಸಿತು. ಎರಡರಲ್ಲೂ ಕಾನೂನು ಹುಡುಕಿದ್ದು ಹೆಸರುಳ್ಳ ಮನುಷ್ಯರನ್ನು. ಸಂತ್ರಸ್ತ ಮಗುವಿಗೆ ವಿಶೇಷ ನ್ಯಾಯಾಲಯ ಕೊಡಿಸುವ ಪರಿಹಾರವೂ ಸರ್ಕಾರದ ನಿಧಿಯಿಂದ ಬರುತ್ತದೆ, ಮುಚ್ಚಿಟ್ಟ ಸಂಸ್ಥೆಯ ತಿಜೋರಿಯಿಂದ ಅಲ್ಲ.

ಆಸ್ಟ್ರೇಲಿಯ ಬೇರೆ ದಾರಿ ಹಿಡಿಯಿತು. ಕ್ಯಾಥೊಲಿಕ್ ಚರ್ಚು ಕಾನೂನಿನ ಕಣ್ಣಿನಲ್ಲಿ ದಾವೆ ಹೂಡಬಹುದಾದ ಒಂದು ವ್ಯಕ್ತಿಯೇ ಅಲ್ಲ ಎಂದು ಜಾನ್ ಎಲ್ಲಿಸ್ ಎಂಬ ಸಂತ್ರಸ್ತರ ದಾವೆ 2007ರಲ್ಲಿ ಬಿದ್ದುಹೋಗಿತ್ತು. 2013ರಿಂದ 2017ರವರೆಗೆ ಕೂತ ರಾಯಲ್ ಕಮಿಷನ್ 409 ಶಿಫಾರಸು ಮಾಡಿತು. ವಿಕ್ಟೋರಿಯ ರಾಜ್ಯ 2017ರಲ್ಲಿ ಸಾಕ್ಷ್ಯದ ಹೊಣೆಯನ್ನು ತಿರುಗಿಸಿ, ತಾನು ತಕ್ಕ ಎಚ್ಚರ ವಹಿಸಿದ್ದೆ ಎಂದು ಸಂಸ್ಥೆಯೇ ತೋರಿಸಬೇಕೆಂದಿತು. 2018ರಲ್ಲಿ ಇನ್ನೊಂದು ಕಾಯ್ದೆ ಮಾಡಿ ಎಲ್ಲಿಸ್ ಎದುರು ಬಂದ ಆ ಅಡ್ಡಿಯನ್ನೂ ತೆಗೆದುಹಾಕಿತು. ಅಮೆರಿಕದ ಪೆನ್ಸಿಲ್ವೇನಿಯ ಗ್ರ್ಯಾಂಡ್ ಜ್ಯೂರಿ 2018ರಲ್ಲಿ 300ಕ್ಕೂ ಹೆಚ್ಚು ಪಾದ್ರಿಗಳ ಮೇಲೆ ಬರೆದ ವರದಿ ಚರ್ಚಿನ ಸ್ವಂತ ಗುಪ್ತ ಕಡತಗಳಿಂದಲೇ ಬೆಳೆದದ್ದು. ಆ ಕಡತಗಳನ್ನಿಡುವ ಕಪಾಟಿನ ಕೀಲಿ ಬಿಷಪ್ಪರೊಬ್ಬರ ಬಳಿ ಮಾತ್ರ ಇರಬೇಕೆಂಬುದು ಚರ್ಚಿನ ಕಟ್ಟಳೆ. ನಮ್ಮ ಶಾಲೆಯ ಬೀರುವಿನ ಮುಚ್ಚಳಿಕೆಯ ಬಂಧುಗಳು ಲೋಕದ ತುಂಬ ಇದ್ದಾವೆ.

ಬಾಯಿ ಬಿಟ್ಟವರ ಸ್ಥಿತಿ

ಹಾಸ್ಟೆಲಿನಲ್ಲಿ ಮೊದಲು ಗೊತ್ತಾಗುವುದು ಅಡುಗೆಯವರಿಗೆ, ಕಸ ಗುಡಿಸುವವರಿಗೆ, ರಾತ್ರಿ ಕಾವಲಿನವರಿಗೆ. ಯಾವ ಹುಡುಗಿ ಊಟ ಬಿಟ್ಟಿದ್ದಾಳೆ, ಯಾರು ಬೆಳಿಗ್ಗೆ ವಾಂತಿ ಮಾಡಿಕೊಂಡರು ಎಂಬುದು ಅವರಿಗೆ ಕಾಣುತ್ತದೆ. ಅವರಲ್ಲಿ ಹೆಚ್ಚಿನವರು ಹೊರಗುತ್ತಿಗೆಯವರು. ಏಜೆನ್ಸಿ ಮೂಲಕ ಬಂದವರು, ನಾಳೆ ಬೇಡ ಎಂದರೆ ಹೋಗುವವರು. ಸೆಕ್ಷನ್ 19 ಅವರನ್ನು ಮೊಕದ್ದಮೆಯಿಂದ ಕಾಯುತ್ತದೆ, ಕೆಲಸ ಕಳೆದುಕೊಳ್ಳುವುದರಿಂದ ಅಲ್ಲ. 2014ರ ಮಾಹಿತಿದಾರರ ರಕ್ಷಣಾ ಕಾಯ್ದೆ ಜಾರಿಗೇ ಬಂದಿಲ್ಲ. ಬಂದಿದ್ದರೂ ಅದು ಖಾಸಗಿ ಶಾಲೆಯ ಅಡುಗೆಯವಳಿಗೆ ಮುಟ್ಟುತ್ತಿರಲಿಲ್ಲ. ಸಾಕ್ಷಿಗಳ ರಕ್ಷಣೆಗೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಯೋಜನೆ ಜೀವಬೆದರಿಕೆ ಇದ್ದವರಿಗೆ. ಅದರಿಂದ ಸಂಬಳ ಬರುವುದಿಲ್ಲ.

ಮಕ್ಕಳಿಗಾಗಿ ಇರುವ ದಾರಿಗಳು ಮಕ್ಕಳ ಗ್ರಾಮಸಭೆ, ಶಾಲೆಯ ದೂರು ಪೆಟ್ಟಿಗೆ ಮತ್ತು 1098 ಸಹಾಯವಾಣಿ. ಗ್ರಾಮಸಭೆ ಊರಿನ ಮಕ್ಕಳಿಗೆ ಸರಿ, ಬೇರೆ ಜಿಲ್ಲೆಯಿಂದ ಬಂದು ಹಾಸ್ಟೆಲಿನಲ್ಲಿರುವ ಮಗು ಅಲ್ಲಿ ಎದ್ದು ನಿಲ್ಲುವುದು ಕಷ್ಟ. ದೂರು ಪೆಟ್ಟಿಗೆ ಸಾಮಾನ್ಯವಾಗಿ ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲ ಪಕ್ಕದಲ್ಲೇ ಇರುತ್ತದೆ, ಬೀಗದ ಕೈ ಒಳಗಿನ ಮೇಜಿನ ಖಾನೆಯಲ್ಲಿರುತ್ತದೆ. 1098 ಸಂಖ್ಯೆಯನ್ನು ಮಾತ್ರ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿರುತ್ತಾರೆ. ವಸತಿ ಶಾಲೆಗಳಲ್ಲಿ ಮಕ್ಕಳು ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಮನೆಗೆ ಮಾತನಾಡಬೇಕಾದರೆ ವಾರಕ್ಕೊಮ್ಮೆ, ವಾರ್ಡನ್ ಕೋಣೆಯಲ್ಲಿ, ವಾರ್ಡನ್ ಫೋನಿನಿಂದ.